ಔಷಧ ಹುಟ್ಟಿದರೆ ಸಾಲದು, ರೋಗಿಯ ಮನೆ ಮುಟ್ಟಬೇಕು



ವೈದ್ಯವಿಜ್ಞಾನವು ಈಚಿನ ವರ್ಷಗಳಲ್ಲಿ ಸಾಧಿಸಿರುವ ಮುನ್ನಡೆಯನ್ನು ಪತ್ರಿಕೆಗಳಲ್ಲಿ ಓದಿದವರು ಮಠಕ್ಕೆ ಬಂದಾಗ ನಮ್ಮೊಡನೆ ಅದನ್ನು ಕುರಿತು ಮಾತನಾಡುವುದುಂಟು. ಕೆಲವರು ಕಳವಳದಿಂದ ಕೇಳುತ್ತಾರೆ: "ಬುದ್ಧೀ, ಮನುಷ್ಯನ ವಂಶವಾಹಿಯನ್ನೇ ಕತ್ತರಿಸಿ ತಿದ್ದುತ್ತಾರಂತೆ. ಇದು ಸೃಷ್ಟಿಕರ್ತನ ಕೆಲಸಕ್ಕೆ ಕೈ ಹಾಕಿದಂತಾಗಲಿಲ್ಲವೆ?" ಇನ್ನು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ: "ಇದರಲ್ಲಿ ಹೊಸದೇನಿದೆ? ನಮ್ಮ ಪುರಾಣಗಳಲ್ಲಿ ಇದೆಲ್ಲವೂ ಇದ್ದೇ ಇದೆ." ಕಾಲೇಜಿನಲ್ಲಿ ಓದುವ ತರುಣರು ಉತ್ಸಾಹದಿಂದ, "ಇನ್ನು ಮುಂದೆ ರೋಗವೆಂಬುದೇ ಇರುವುದಿಲ್ಲ" ಎನ್ನುತ್ತಾರೆ. ಮೂರು ಮಾತುಗಳನ್ನೂ ನಾವು ತಾಳ್ಮೆಯಿಂದ ಕೇಳಿದ್ದೇವೆ. ಮೂರೂ ತಪ್ಪು ಮಾತುಗಳೆಂಬುದೇ ನಮ್ಮ ನಿಶ್ಚಿತಾಭಿಪ್ರಾಯ. ಕೇಳಲೇಬೇಕಾದ ನಾಲ್ಕನೆಯ ಪ್ರಶ್ನೆಯೊಂದುಂಟು. ಅದನ್ನು ಮಾತ್ರ ಯಾರೂ ಕೇಳಲಿಲ್ಲ. ಈ ಔಷಧವು ಯಾರಿಗೆ ದೊರೆಯುತ್ತದೆ? ಈ ಲೇಖನದಲ್ಲಿ ನಾವು ಎತ್ತಬಯಸುವ ಪ್ರಶ್ನೆ ಇದೊಂದೇ.

ವಿಷಯವು ವಿಸ್ತಾರವಾದುದರಿಂದ ಎಲ್ಲವನ್ನೂ ಹೇಳಹೋಗದೆ ಒಂದೇ ರೋಗವನ್ನು ಎತ್ತಿಕೊಳ್ಳುತ್ತೇವೆ. ಅದರ ಹೆಸರು ಕುಡುಗೋಲು ಕಣ ರೋಗ. ಆಸ್ಪತ್ರೆಗಳಲ್ಲಿ ಸಿಕಲ್ ಸೆಲ್ ಎಂದೇ ಕರೆಯುತ್ತಾರೆ. ನಮ್ಮ ರಕ್ತದ ಕೆಂಪು ಕಣಗಳು ದುಂಡಗಿದ್ದು, ಮೆತ್ತಗೆ ಬಾಗಿ, ಕೂದಲೆಳೆಗಿಂತ ಸಣ್ಣದಾದ ನಾಳಗಳಲ್ಲಿಯೂ ನುಸುಳಿ ಹೋಗುತ್ತವೆ. ಈ ರೋಗವುಳ್ಳವರಲ್ಲಿ ಅವೇ ಕಣಗಳು ಪ್ರಾಣವಾಯುವನ್ನು ಬಿಟ್ಟುಕೊಟ್ಟೊಡನೆ ಬಿರುಸಾಗಿ ಕುಡುಗೋಲಿನಂತೆ ಬಾಗುತ್ತವೆ; ಸಣ್ಣ ನಾಳಗಳಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ರಕ್ತದ ಹರಿವನ್ನು ತಡೆಯುತ್ತವೆ. ಆಗ ಉಂಟಾಗುವ ಮೂಳೆ, ಕೀಲು, ಎದೆಗಳ ನೋವು ಅನುಭವಿಸಿದವರಿಗೇ ಗೊತ್ತು. ಚಳಿ, ಜ್ವರ, ದಣಿವು, ನೀರಡಿಕೆ, ಇವುಗಳಲ್ಲಿ ಯಾವುದೊಂದಾದರೂ ಈ ನೋವನ್ನು ಕೆರಳಿಸಬಲ್ಲದು. ವಯಸ್ಸು ಕಳೆದಂತೆಲ್ಲ ಗುಲ್ಮ, ಮೂತ್ರಪಿಂಡ, ಮಿದುಳುಗಳು ಒಂದೊಂದಾಗಿ ಪೆಟ್ಟು ತಿನ್ನುತ್ತವೆ.

ಈ ರೋಗವನ್ನೇ ಏಕೆ ಆರಿಸಿಕೊಂಡೆವೆಂಬುದಕ್ಕೆ ಕಾರಣವುಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ನಾವಿನ್ನೂ ಮರಿಗಳಾಗಿದ್ದಾಗ, ಪ್ರಸಾದನಿಲಯದ ಮೇಲ್ವಿಚಾರಣೆಯು ನಮ್ಮ ಪಾಲಿಗಿತ್ತು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯೊಂದರಿಂದ ಬಂದ ಜೇನುಕುರುಬರ ಹುಡುಗನೊಬ್ಬ ಅಲ್ಲಿದ್ದ. ಓದಿನಲ್ಲಿ ಚುರುಕು, ಮಾತು ಕಡಿಮೆ. ಮಳೆಗಾಲದ ಬೆಳಗಿನ ಜಾವ ಎಲ್ಲ ಹುಡುಗರೂ ತಣ್ಣೀರಿನ ಸ್ನಾನಕ್ಕೆ ಏಳುವಾಗ ಅವನೊಬ್ಬ ಏಳುತ್ತಿರಲಿಲ್ಲ. ಕಾಲು ನೋವು, ಬೆನ್ನು ನೋವು ಎನ್ನುತ್ತಿದ್ದ. ಸಂಜೆಗೆ ಎದ್ದು ಓಡಾಡುತ್ತಿದ್ದ. ಮತ್ತೆ ಕೆಲವು ದಿನಗಳಿಗೆ ಅದೇ ನೋವು. ನಾವು ಅದನ್ನು ಸೋಮಾರಿತನವೆಂದು ತಿಳಿದೆವು. ಎಲ್ಲರೆದುರಿಗೆ ಗದರಿದೆವು. ತಣ್ಣೀರಿನಲ್ಲಿಯೇ ಮೀಯುವಂತೆ ಮಾಡಿದೆವು. ಎರಡನೆಯ ವರ್ಷದ ಮಳೆಗಾಲದಲ್ಲಿ ಅವನು ಹಾಡಿಗೆ ಹೋದವನು ಮರಳಲಿಲ್ಲ. ಓಡಿಹೋದನೆಂದೇ ಹಾಜರಿ ಪುಸ್ತಕದಲ್ಲಿ ಬರೆದೆವು. ತೀರಿಕೊಂಡನೆಂಬ ಸುದ್ದಿ ಬಂದುದು ಅನೇಕ ತಿಂಗಳುಗಳ ಮೇಲೆ. ಅನಂತರ ವೈದ್ಯರಾಗಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಮುಂದೆ ಈ ಮಾತು ಬಂದಾಗ, ಅವರು ತುಸು ಹೊತ್ತು ಸುಮ್ಮನಿದ್ದು, "ಬುದ್ಧೀ, ಅದು ಕುಡುಗೋಲು ಕಣ ರೋಗವಿದ್ದಿರಬೇಕು. ತಣ್ಣೀರು ಅವನಿಗೆ ವಿಷವಾಗಿತ್ತು" ಎಂದರು. ಅಂದು ಒಂದು ತೊಟ್ಟು ರಕ್ತವನ್ನು ಪರೀಕ್ಷಿಸಿದ್ದರೆ ಅನುಮಾನವೇ ಉಳಿಯುತ್ತಿರಲಿಲ್ಲ. ಆ ಹುಡುಗನ ಸಾಲ ನಮ್ಮ ಮೇಲಿದೆ. ಆದುದರಿಂದ ಈ ಬರವಣಿಗೆಯಲ್ಲಿ ಬಿರುನುಡಿಗಳು ಬಂದರೆ ಅವುಗಳಲ್ಲಿ ಮೊದಲನೆಯದು ನಮಗೇ ತಗುಲುತ್ತದೆಂದು ಓದುಗರು ತಿಳಿಯಬೇಕು.

ಇನ್ನು ವಿಷಯಕ್ಕೆ ಬರೋಣ. ಈ ರೋಗವನ್ನು ಕುರಿತ ತಿಳಿವಳಿಕೆ ಒಂದು ದಿನದಲ್ಲಿ ಬಂದುದಲ್ಲ. 1910ರಲ್ಲಿ ಶಿಕಾಗೊ ನಗರದ ವೈದ್ಯ ಜೇಮ್ಸ್ ಹೆರಿಕ್, ವೆಸ್ಟ್ ಇಂಡೀಸಿನ ಗ್ರೆನಡಾ ದ್ವೀಪದಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕುಡುಗೋಲಿನಾಕಾರದ ಕಣಗಳನ್ನು ಕಂಡುದಾಗಿ ಪ್ರಕಟಿಸಿದನು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು, ದೋಷವಿರುವುದು ರಕ್ತಕ್ಕೆ ಕೆಂಪು ಬಣ್ಣವನ್ನೀಯುವ ಹಿಮೋಗ್ಲೋಬಿನ್ನಿನ ಅಣುವಿನಲ್ಲಿಯೇ ಎಂದು ತೋರಿಸಿದರು. 1950ರ ದಶಕದಲ್ಲಿ ಕೇಂಬ್ರಿಜ್‌ನ ವರ್ನನ್ ಇಂಗ್ರಾಮ್ ಆ ದೋಷದ ನೆಲೆಯನ್ನು ಬೆರಳಿಟ್ಟು ತೋರಿದನು. ಹಿಮೋಗ್ಲೋಬಿನ್ನಿನ ಒಂದು ಎಳೆಯಲ್ಲಿ 146 ಅಮೈನೊ ಆಮ್ಲಗಳು ಸರದ ಮಣಿಗಳಂತೆ ಸೇರಿರುತ್ತವೆ. ಅವುಗಳಲ್ಲಿ ಆರನೆಯ ಮಣಿಯೊಂದು ಮಾತ್ರ ಬದಲಾಗಿದೆ. 146ರಲ್ಲಿ ಒಂದು! ಅಷ್ಟರಿಂದಲೇ ಇಷ್ಟೊಂದು ಸಂಕಟ.

ಇಲ್ಲಿ ನಮ್ಮ ಜನರಲ್ಲಿ ಬೇರೂರಿರುವ ಒಂದು ಮಾತನ್ನು ಕಿತ್ತುಹಾಕಬೇಕಾಗಿದೆ. ಮಗುವಿಗೆ ಹುಟ್ಟಿನಿಂದಲೇ ರೋಗವಿದ್ದರೆ, "ಹಿಂದಿನ ಜನ್ಮದ ಕರ್ಮ" ಎಂದೋ, "ತಾಯಿಯ ದೋಷ" ಎಂದೋ, "ಆ ಕುಲಕ್ಕೆ ತಗುಲಿದ ಶಾಪ" ಎಂದೋ ಹೇಳಿ ಕೈತೊಳೆದುಕೊಳ್ಳುವುದು ವಾಡಿಕೆ. ಸತ್ಯ ಏನೆಂಬುದನ್ನು ಕೇಳಿರಿ. 1954ರಲ್ಲಿ ಆಂಥೋನಿ ಆಲಿಸನ್ ಎಂಬ ವೈದ್ಯವಿಜ್ಞಾನಿ ಪೂರ್ವ ಆಫ್ರಿಕದಲ್ಲಿ ನಡೆಸಿದ ಸಂಶೋಧನೆಯನ್ನು ಪ್ರಕಟಿಸಿದನು. ಈ ವಂಶವಾಹಿಯನ್ನು ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಪಡೆದ ಮಕ್ಕಳಿಗೆ ಸಾಮಾನ್ಯವಾಗಿ ರೋಗವೇ ಇರುವುದಿಲ್ಲ. ಅಷ್ಟೇ ಅಲ್ಲ, ಮಲೇರಿಯಾ ಜ್ವರದ ಮಾರಕ ಹೊಡೆತದಿಂದ ಅದು ಅವರನ್ನು ಕಾಪಾಡುತ್ತದೆ. ಮಲೇರಿಯಾ ತುಂಬಿದ ಕಾಡುಗಳಲ್ಲಿ ಸಾವಿರಾರು ವರ್ಷ ಬಾಳಿದ ಜನರಿಗೆ ಅದು ಗುರಾಣಿಯಾಗಿ ಬಂದಿತು. ಇಬ್ಬರಿಂದಲೂ ಬಂದರೆ ಮಾತ್ರ ಆ ಗುರಾಣಿಯೇ ಕತ್ತಿಯಾಗುತ್ತದೆ. ತಂದೆತಾಯಿಗಳಿಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಬಸಿರಿನಲ್ಲಿಯೂ ರೋಗದ ಸಂಭವ ನಾಲ್ಕರಲ್ಲೊಂದು. ಇದರಲ್ಲಿ ಶಾಪವೆಲ್ಲಿದೆ? ಪಾಪವೆಲ್ಲಿದೆ? ಯಾವ ಜನಾಂಗವು ಕಾಡಿನ ಜ್ವರದೊಡನೆ ಹೋರಾಡಿ ಉಳಿಯಿತೋ ಆ ಜನಾಂಗದ ಮೈಯಲ್ಲಿ ಉಳಿದ ಯುದ್ಧದ ಗುರುತು ಇದು. ಮಗುವಿನ ನೋವಿಗೆ ಮಗುವನ್ನೇ ಹೊಣೆ ಮಾಡುವ ಮಾತು ಧರ್ಮದ ಮಾತಲ್ಲ. ಅದು ನಮ್ಮ ನಿರ್ದಯತೆಗೆ ನಾವು ತೊಡಿಸಿದ ಕಾವಿ ಬಟ್ಟೆ.

ರೋಗದ ಕಾರಣ ತಿಳಿದ ಮೇಲೂ ಚಿಕಿತ್ಸೆ ಕೈಗೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ದಾರಿಯ ಸುಳಿವು ದೊರೆತುದು ಹಸುಗೂಸುಗಳಿಂದ. ಈ ರೋಗವಿರುವ ಶಿಶುಗಳು ಹುಟ್ಟಿದ ಕೆಲವು ತಿಂಗಳು ನೋವಿಲ್ಲದೆ ಇರುತ್ತವೆ. ಏಕೆಂದರೆ ಗರ್ಭದಲ್ಲಿದ್ದಾಗ ನಮ್ಮ ಮೈಯಲ್ಲಿರುವ ಹಿಮೋಗ್ಲೋಬಿನ್ನೇ ಬೇರೆ. ಹುಟ್ಟಿದ ಕೆಲವು ತಿಂಗಳುಗಳಲ್ಲಿ ಅದು ನಿಂತುಹೋಗಿ ದೊಡ್ಡವರ ಹಿಮೋಗ್ಲೋಬಿನ್ ಆರಂಭವಾಗುತ್ತದೆ. ಗರ್ಭದ ಹಿಮೋಗ್ಲೋಬಿನ್ನೇ ಕೂಸನ್ನು ಕಾಪಾಡುತ್ತಿರಬಹುದೆಂದು ಜಾನೆಟ್ ವಾಟ್ಸನ್ ಎಂಬ ಮಕ್ಕಳ ವೈದ್ಯೆ 1948ರಲ್ಲಿಯೇ ಸೂಚಿಸಿದ್ದಳು. ಅದನ್ನು ನಿಲ್ಲಿಸುವ ಕೀಲಿಯು ಯಾವ ವಂಶವಾಹಿಯಲ್ಲಿದೆ ಎಂಬುದನ್ನು 2008ರಲ್ಲಿ ಬಾಸ್ಟನ್ನಿನಲ್ಲಿ ವಿಜಯ್ ಶಂಕರನ್, ಸ್ಟೂವರ್ಟ್ ಆರ್ಕಿನ್ ಮೊದಲಾದವರು ತೋರಿಸಿದರು. ಆ ಕೀಲಿಯನ್ನು ಸಡಿಲಿಸಿದರೆ ಗರ್ಭದ ಹಿಮೋಗ್ಲೋಬಿನ್ ಮತ್ತೆ ಹುಟ್ಟುತ್ತದೆ. ಆದರೆ ಅದನ್ನು ಸಡಿಲಿಸುವ ಉಪಕರಣ ಯಾವುದು?

ಆ ಉಪಕರಣವು ಬಂದುದು ಸೂಕ್ಷ್ಮಜೀವಿಗಳಿಂದ. 1987ರಲ್ಲಿ ಜಪಾನಿನ ಒಸಾಕಾದ ವಿಜ್ಞಾನಿಗಳು ಒಂದು ಸಾಮಾನ್ಯ ಬ್ಯಾಕ್ಟೀರಿಯದಲ್ಲಿ ವಿಚಿತ್ರವಾಗಿ ಮರಳಿ ಮರಳಿ ಬರುವ ಬರಹವೊಂದನ್ನು ಕಂಡರು. ಅದರ ಅರ್ಥ ಅವರಿಗೆ ಹೊಳೆಯಲಿಲ್ಲ. ಸ್ಪೇನಿನ ಫ್ರಾನ್ಸಿಸ್ಕೊ ಮೊಹಿಕಾ ಉಪ್ಪುನೀರಿನ ಸೂಕ್ಷ್ಮಜೀವಿಗಳಲ್ಲಿ ಅಂಥದೇ ಬರಹವನ್ನು ಕಂಡು ಹತ್ತಾರು ವರ್ಷ ಅದರ ಬೆನ್ನು ಹತ್ತಿದನು. ವೈರಸ್ಸುಗಳ ದಾಳಿಯಿಂದ ತಮ್ಮನ್ನು ರಕ್ಷಿಸಿಕೊಳ್ಳಲು ಬ್ಯಾಕ್ಟೀರಿಯಗಳು ಇಟ್ಟುಕೊಂಡಿರುವ ಶತ್ರುಗಳ ಪಟ್ಟಿ ಅದು ಎಂದು 2005ರಲ್ಲಿ ಹೇಳಿದನು. ಎರಡು ವರ್ಷಗಳ ಬಳಿಕ, ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಗಳಲ್ಲಿ ಅದು ನಿಜವೆಂದು ಸಿದ್ಧವಾಯಿತು. 2012ರಲ್ಲಿ ಎಮ್ಯಾನುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳೆಯರು ತಮ್ಮ ಸಂಗಡಿಗರೊಡನೆ, ಈ ವ್ಯವಸ್ಥೆಯನ್ನು ಬೇಕಾದೆಡೆಯಲ್ಲಿ ವಂಶವಾಹಿಯನ್ನು ಕತ್ತರಿಸುವ ಕತ್ತರಿಯನ್ನಾಗಿ ಬಳಸಬಹುದೆಂದು ತೋರಿಸಿದರು. ಕ್ರಿಸ್ಪರ್ ಎಂದು ಹೆಸರಾದ ಈ ವಿಧಾನಕ್ಕಾಗಿ ಅವರಿಗೆ 2020ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

"ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು" ಎನ್ನುವ ಸಜ್ಜನರನ್ನು ನಾವು ವಿನಯದಿಂದ ಕೇಳುತ್ತೇವೆ: ಇದ್ದುದಾದರೆ ಹಾಡಿಯ ಹುಡುಗನಿಗೆ ಅದು ಏಕೆ ದೊರೆಯಲಿಲ್ಲ? ನಾವೂ ಸಂಸ್ಕೃತವನ್ನು ಗುರುಮುಖದಿಂದ ಓದಿದವರು. ಪುರಾಣಗಳ ಬೆಲೆಯನ್ನು ಅರಿಯದವರಲ್ಲ. ಆದರೆ ಪುರಾಣದ ಕಲ್ಪನೆ ಬೇರೆ, ಪ್ರಯೋಗಶಾಲೆಯ ಸಾಧನೆ ಬೇರೆ. ಜಪಾನಿನವರು ಕಂಡುದನ್ನು ಸ್ಪೇನಿನವನು ಅರಿತು, ಅವನು ಅರಿತುದನ್ನು ಇನ್ನೊಂದು ದೇಶದವರು ಉಪಯೋಗಕ್ಕೆ ತಂದು, ಮೂವತ್ತು ವರ್ಷ ಸಾವಿರಾರು ಜನ ಬೆವರು ಸುರಿಸಿದ ಫಲವಿದು. ದುಡಿಯದೆ ಉಣ್ಣಬಾರದೆಂಬ ಕಾಯಕತತ್ತ್ವವನ್ನು ಒಪ್ಪಿಕೊಂಡ ನಾವು ಇತರರು ದುಡಿದುದಕ್ಕೆ ನಮ್ಮ ಹೆಸರನ್ನು ಹಚ್ಚಿಕೊಳ್ಳುವುದು ಸಲ್ಲದು.

ಈಗ ಚಿಕಿತ್ಸೆಯ ವಿಚಾರ. ರೋಗಿಯ ರಕ್ತದಿಂದ ಮೂಲಕಣಗಳನ್ನು ಬೇರ್ಪಡಿಸಿ ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಅಲ್ಲಿ ಕ್ರಿಸ್ಪರ್ ಕತ್ತರಿಯಿಂದ ಆ ಕೀಲಿಯನ್ನು ಸಡಿಲಿಸುತ್ತಾರೆ. ಇತ್ತ ರೋಗಿಯ ಮೂಳೆಯ ನೆಣದಲ್ಲಿರುವ ಹಳೆಯ ಕಣಗಳನ್ನು ತೀಕ್ಷ್ಣ ಔಷಧದಿಂದ ನಾಶಪಡಿಸಿ, ತಿದ್ದಿದ ಕಣಗಳನ್ನು ರಕ್ತನಾಳದ ಮೂಲಕ ಮರಳಿ ಸೇರಿಸುತ್ತಾರೆ. ಅನೇಕ ವಾರಗಳ ಆಸ್ಪತ್ರೆವಾಸ, ಸೋಂಕಿನ ಭಯ, ಮುಂದೆ ಮಕ್ಕಳಾಗದಿರುವ ಸಂಭವವೂ ಉಂಟು. ಸುಲಭದ ಹಾದಿಯಲ್ಲ. ಆದರೆ ಫಲವನ್ನು ನೋಡಿರಿ. ಅಮೆರಿಕದಲ್ಲಿ ಅನುಮತಿಗಾಗಿ ಪರಿಶೀಲಿಸಿದ 31 ರೋಗಿಗಳ ಪೈಕಿ 29 ಮಂದಿಗೆ ಒಂದು ವರ್ಷವಾದರೂ ಎಡೆಬಿಡದೆ ತೀವ್ರ ನೋವಿನ ಹೊಡೆತವೇ ಬರಲಿಲ್ಲ. ಅದಕ್ಕೆ ಹಿಂದೆ ಅವರು ವರ್ಷದಲ್ಲಿ ಮತ್ತೆ ಮತ್ತೆ ಆಸ್ಪತ್ರೆಯ ಬಾಗಿಲು ತಟ್ಟುತ್ತಿದ್ದವರು. ಕ್ಯಾಸ್ಜೆವಿ ಎಂಬ ಹೆಸರಿನ ಈ ಚಿಕಿತ್ಸೆಗೆ 2023ರ ನವೆಂಬರ್ ತಿಂಗಳಲ್ಲಿ ಬ್ರಿಟನ್ ದೇಶವೂ ಡಿಸೆಂಬರಿನಲ್ಲಿ ಅಮೆರಿಕವೂ ಅನುಮತಿಯಿತ್ತವು. ಕ್ರಿಸ್ಪರ್ ವಿಧಾನದಿಂದ ಸಿದ್ಧವಾಗಿ ಸರಕಾರದ ಒಪ್ಪಿಗೆ ಪಡೆದ ಮೊದಲನೆಯ ಚಿಕಿತ್ಸೆ ಇದೇ.

ಇದನ್ನು ಸೃಷ್ಟಿಕರ್ತನ ಕೆಲಸದಲ್ಲಿ ಕೈ ಹಾಕುವುದೆನ್ನುವವರು ಒಮ್ಮೆ ಆಲೋಚಿಸಲಿ. ಸಿಡುಬಿಗೆ ದೇವಿ ಹಾಕಿಸಿಕೊಂಡಾಗಲೂ ಅದೇ ಮಾತು ಕೇಳಿಬಂದಿತ್ತು. ಆ ಸಿಡುಬು ಇಂದು ಭೂಮಿಯ ಮೇಲೆಯೇ ಇಲ್ಲ. ಕಣ್ಣಿನ ಪೊರೆಯನ್ನು ತೆಗೆಸಿಕೊಳ್ಳುವ ಭಕ್ತರು, ಹೃದಯಕ್ಕೆ ಕೊಳವೆ ಹಾಕಿಸಿಕೊಳ್ಳುವ ಭಕ್ತರು, ಸೃಷ್ಟಿಯನ್ನು ತಿದ್ದಿದೆವೆಂದು ಎಂದಾದರೂ ಅಂಜಿದ್ದುಂಟೆ? ತನ್ನ ಮೈಗೆ ಬಂದಾಗ ಚಿಕಿತ್ಸೆ, ಬೇರೆಯವರ ಮಗುವಿಗೆ ಬಂದಾಗ ದೈವೇಚ್ಛೆ! ಇದಕ್ಕೆ ಧರ್ಮವೆಂದು ಹೆಸರಿಡಬೇಡಿರಿ.

ಇಷ್ಟು ಹೇಳಿದ ಮೇಲೆ, ಎಲ್ಲರೂ ಚಪ್ಪಾಳೆ ತಟ್ಟುವ ಈ ಸಾಧನೆಯ ಮತ್ತೊಂದು ಮುಖವನ್ನು ತೋರಿಸಬೇಕಾಗಿದೆ. ಅಮೆರಿಕದಲ್ಲಿ ಈ ಚಿಕಿತ್ಸೆಗೆ ನಿಗದಿಯಾದ ಬೆಲೆ ಒಬ್ಬ ರೋಗಿಗೆ 22 ಲಕ್ಷ ಡಾಲರು. ಅಂದಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ಅದೇ ದಿನ ಒಪ್ಪಿಗೆ ಪಡೆದ ಇನ್ನೊಂದು ವಂಶವಾಹಿ ಚಿಕಿತ್ಸೆಯ ಬೆಲೆ 31 ಲಕ್ಷ ಡಾಲರು. ಆಸ್ಪತ್ರೆಯ ಖರ್ಚು ಬೇರೆ.

ಈಗ ರೋಗಿಗಳೆಲ್ಲಿದ್ದಾರೆಂಬುದನ್ನು ನೋಡಿರಿ. 2021ರಲ್ಲಿ ಈ ರೋಗದೊಡನೆ ಹುಟ್ಟಿದ ಮಕ್ಕಳು ಜಗತ್ತಿನಲ್ಲಿ ಸುಮಾರು 5 ಲಕ್ಷ. ಅವರಲ್ಲಿ ನಾಲ್ಕರಲ್ಲಿ ಮೂರು ಭಾಗಕ್ಕೂ ಮಿಕ್ಕವರು ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕದಲ್ಲಿ ಹುಟ್ಟಿದವರು. ಅವರ ಅನಂತರದ ದೊಡ್ಡ ಪಾಲು ನಮ್ಮ ಭಾರತದ್ದು. ಅದರಲ್ಲಿಯೂ ಗುಡ್ಡಗಾಡಿನ ಜನರದ್ದು. ಆದಿವಾಸಿಗಳಲ್ಲಿ ಹುಟ್ಟುವ 86 ಮಕ್ಕಳಲ್ಲಿ ಒಂದಕ್ಕೆ ಈ ರೋಗವಿರುವುದೆಂದು ನಮ್ಮ ಸರಕಾರವೇ ಅಂದಾಜು ಮಾಡಿದೆ. ದಕ್ಷಿಣ ಭಾರತದಲ್ಲಿ ಇದು ಮೊದಲು ಬೆಳಕಿಗೆ ಬಂದುದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಆ ಬೆಟ್ಟದ ಬುಡದಲ್ಲಿಯೇ ನಮ್ಮ ಚಾಮರಾಜನಗರ, ಮೈಸೂರು ಜಿಲ್ಲೆಗಳ ಹಾಡಿ ಪೋಡುಗಳಿವೆ. ಹೀಗೆ ರೋಗವು ಬಡವರ ಗುಡಿಸಲಿನಲ್ಲಿ, ಔಷಧವು ಸಿರಿವಂತರ ನಗರದಲ್ಲಿ. ಇವೆರಡರ ನಡುವೆ 18 ಕೋಟಿ ರೂಪಾಯಿಯ ಗೋಡೆ. ಇದನ್ನು ರೋಗದ ಮೇಲಿನ ವಿಜಯವೆಂದು ಹೇಗೆ ಕರೆಯೋಣ?

ಈ ಬೆಲೆಯನ್ನು ಸಮರ್ಥಿಸುವವರ ವಾದವನ್ನೂ ಕೇಳಬೇಕು. ಸಂಶೋಧನೆಗೆ ಅಪಾರ ಹಣ ಬಿದ್ದಿದೆ. ಪ್ರತಿಯೊಬ್ಬ ರೋಗಿಗೂ ಅವನ ಕಣಗಳಿಂದಲೇ ಔಷಧವನ್ನು ಪ್ರತ್ಯೇಕವಾಗಿ ತಯಾರಿಸಬೇಕು. ಒಮ್ಮೆ ಕೊಟ್ಟರೆ ಬಾಳೆಲ್ಲ ಆಗುವ ಆಸ್ಪತ್ರೆಯ ಖರ್ಚು ಉಳಿಯುತ್ತದೆ ಎನ್ನುತ್ತಾರೆ. ಇದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ತಯಾರಿಕೆ ನಿಜವಾಗಿಯೂ ಕಷ್ಟದ್ದು. ಆದರೆ ಅರ್ಧ ಸತ್ಯವನ್ನು ಹೇಳಿ ನಿಲ್ಲಿಸಬಾರದು. ಬ್ಯಾಕ್ಟೀರಿಯದ ಬರಹವನ್ನು ಓದಿದವರು, ಹಿಮೋಗ್ಲೋಬಿನ್ನಿನ ಕೀಲಿಯನ್ನು ಕಂಡವರು, ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ, ಸಾರ್ವಜನಿಕರ ತೆರಿಗೆಯ ಹಣದ ನೆರವಿನಿಂದ ದುಡಿದವರು. ಬಿತ್ತಿದ್ದು ಸಮುದಾಯದ ಹಣ. ಕೊಯ್ಲಿನ ಹೊತ್ತಿಗೆ ಬೇಲಿ ಎಲ್ಲಿಂದ ಬಂತು? ಕ್ರಿಸ್ಪರಿನ ಹಕ್ಕುಪತ್ರ ಯಾರಿಗೆ ಸೇರಬೇಕೆಂದು ಅಮೆರಿಕದ ದೊಡ್ಡ ದೊಡ್ಡ ವಿದ್ಯಾಸಂಸ್ಥೆಗಳೇ ವರ್ಷಾನುಗಟ್ಟಲೆ ವ್ಯಾಜ್ಯವಾಡಿದವು. ಕೋಟಿ ವರ್ಷಗಳಿಂದ ಬ್ಯಾಕ್ಟೀರಿಯಗಳು ಬಳಸುತ್ತ ಬಂದ ವಿದ್ಯೆಗೆ ಮನುಷ್ಯರು ಒಡೆತನದ ಮೊಕದ್ದಮೆ ಹೂಡುವುದನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು.

ಲಾಭವಿಲ್ಲದೆ ಔಷಧ ಹುಟ್ಟಲಾರದೆಂಬುದು ಇನ್ನೊಂದು ವಾದ. ಚರಿತ್ರೆ ಹಾಗೆ ಹೇಳುವುದಿಲ್ಲ. ಸಿಹಿಮೂತ್ರ ರೋಗಿಗಳ ಪ್ರಾಣ ಉಳಿಸುವ ಇನ್ಸುಲಿನ್ನಿನ ಹಕ್ಕನ್ನು ಅದನ್ನು ಕಂಡುಹಿಡಿದವರು 1923ರಲ್ಲಿ ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಜೋನಾಸ್ ಸಾಲ್ಕ್ ತನ್ನ ಪೋಲಿಯೊ ಲಸಿಕೆಗೆ ಹಕ್ಕುಪತ್ರವನ್ನೇ ಪಡೆಯಲಿಲ್ಲ. ನಮ್ಮ ದೇಶದ ಚರಿತ್ರೆಯನ್ನೇ ನೋಡಿರಿ. 1970ರ ಕಾಯಿದೆಯು ಔಷಧವಸ್ತುವಿಗೆ ಹಕ್ಕುಪತ್ರ ಕೊಡದೆ ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಅದರಿಂದಾಗಿ ನಮ್ಮ ಕಾರ್ಖಾನೆಗಳು ಬೇರೆ ವಿಧಾನಗಳಿಂದ ಅವೇ ಔಷಧಗಳನ್ನು ಅಗ್ಗವಾಗಿ ತಯಾರಿಸಲು ಕಲಿತವು. ಏಡ್ಸ್ ರೋಗಿಯೊಬ್ಬನ ಒಂದು ವರ್ಷದ ಔಷಧಕ್ಕೆ ಪಾಶ್ಚಾತ್ಯ ದೇಶಗಳಲ್ಲಿ 10,000 ಡಾಲರಿಗೂ ಮಿಕ್ಕಿ ಬೆಲೆಯಿದ್ದಾಗ, 2001ರಲ್ಲಿ ಭಾರತದ ಸಿಪ್ಲಾ ಸಂಸ್ಥೆ ಅದನ್ನು ಬಡವರ ಸೇವೆಯಲ್ಲಿ ನಿರತರಾದ ವೈದ್ಯರಿಗೆ 350 ಡಾಲರಿಗೆ ಕೊಡಲು ಮುಂದಾಯಿತು. ಆಫ್ರಿಕದಲ್ಲಿ ಲಕ್ಷಗಟ್ಟಲೆ ಜನ ಬದುಕಿ ಉಳಿಯಲು ದಾರಿಯಾದುದು ಹೀಗೆ. ಜಾಗತಿಕ ವ್ಯಾಪಾರದ ಒಪ್ಪಂದಕ್ಕೆ ತಲೆಬಾಗಿ 2005ರಲ್ಲಿ ಆ ಕಾಯಿದೆಯನ್ನು ತಿದ್ದಲಾಯಿತು. ಅಂದು ಇದ್ದ ಸ್ವಾತಂತ್ರ್ಯ ಇಂದು ಅಷ್ಟಾಗಿ ಇಲ್ಲ. ಇಂಥ ಸಂಗತಿ ನಡೆದಾಗ ನಾವು ಮಠಾಧೀಶರೆಲ್ಲ ಎಲ್ಲಿದ್ದೆವು? ಜಾತ್ರೆಗಳಲ್ಲಿದ್ದೆವು, ಶಂಕುಸ್ಥಾಪನೆಗಳಲ್ಲಿದ್ದೆವು.

ಹಾಗೆಂದು ನಿರಾಶರಾಗಬೇಕಾಗಿಲ್ಲ. ಬೆಲೆಯೆಂಬುದು ಬ್ರಹ್ಮಲಿಪಿಯಲ್ಲವೆಂದು ನಮ್ಮ ವಿಜ್ಞಾನಿಗಳು ತೋರಿಸುತ್ತಿದ್ದಾರೆ. ರಕ್ತದ ಕ್ಯಾನ್ಸರಿಗೆ ರೋಗಿಯ ಸ್ವಂತ ಕಣಗಳನ್ನೇ ತಿದ್ದಿ ಹೋರಾಡಿಸುವ ಚಿಕಿತ್ಸೆಯೊಂದನ್ನು ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಸಹಯೋಗದಲ್ಲಿ ಬೆಳೆಸಿದರು. 2023ರ ಅಕ್ಟೋಬರಿನಲ್ಲಿ ಅದಕ್ಕೆ ಅನುಮತಿ ದೊರೆಯಿತು. ಬೆಲೆ ಪರದೇಶದ್ದರ ಸುಮಾರು ಹತ್ತರಲ್ಲೊಂದು. ಅದೂ ಬಡವನಿಗೆ ಎಟುಕುವಂಥದಲ್ಲ, ನಿಜ. ಆದರೆ ಗೋಡೆ ಕುಸಿಯಬಲ್ಲದೆಂಬುದಕ್ಕೆ ಅದು ಸಾಕ್ಷಿ. ಕುಡುಗೋಲು ಕಣ ರೋಗಕ್ಕೇ ದೆಹಲಿಯ ಸರಕಾರಿ ಜೀನೋಮ್ ಸಂಶೋಧನಾ ಸಂಸ್ಥೆಯು ಸ್ವದೇಶೀ ಕ್ರಿಸ್ಪರ್ ಚಿಕಿತ್ಸೆಯೊಂದನ್ನು ಸಿದ್ಧಪಡಿಸಿದ್ದು, 2025ರ ನವೆಂಬರಿನಲ್ಲಿ ಅದನ್ನು ಲೋಕಕ್ಕೆ ತಿಳಿಸಲಾಯಿತು. ಆದಿವಾಸಿ ವೀರ ಬಿರ್ಸಾ ಮುಂಡಾನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಹೆಸರಿಟ್ಟುದು ಚೆನ್ನ, ಆದರೆ ಬಿರ್ಸಾನ ಮಕ್ಕಳಿಗೆ ಅದು ದೊರೆತ ದಿನವೇ ಆ ಹೆಸರು ಸಾರ್ಥಕ. ಪರೀಕ್ಷೆಯ ಮೆಟ್ಟಿಲುಗಳನ್ನೆಲ್ಲ ಏರಿ ತಾಲ್ಲೂಕಿನ ರೋಗಿಯನ್ನು ತಲುಪಲು ಕಾಲ ಬೇಕು. ಅವಸರವೂ ಕೂಡದು. ಇದೇ ರೋಗಕ್ಕೆಂದು 2019ರಲ್ಲಿ ಅಮೆರಿಕದಲ್ಲಿ ತ್ವರಿತವಾಗಿ ಅನುಮತಿ ಪಡೆದ ಆಕ್ಸ್‌ಬ್ರೈಟಾ ಎಂಬ ಮಾತ್ರೆಯನ್ನು, ಅಪಾಯದ ಸೂಚನೆಗಳು ಕಂಡುದರಿಂದ, 2024ರ ಸೆಪ್ಟೆಂಬರಿನಲ್ಲಿ ಜಗತ್ತಿನಾದ್ಯಂತ ಹಿಂದೆಗೆದುಕೊಂಡರು. ಹೊಸದೆಲ್ಲವೂ ಹಿತವೆಂದು ನಂಬುವ ತರುಣರು ಈ ಮಾತನ್ನು ನೆನಪಿನಲ್ಲಿಡಬೇಕು.

ಇಷ್ಟಕ್ಕೂ ಆ ದಿನ ಬರುವವರೆಗೆ ಕೈಕಟ್ಟಿ ಕೂರಬೇಕೆ? ಇಲ್ಲಿಯೇ ನಮ್ಮ ಆಕ್ಷೇಪಣೆಯ ತಿರುಳಿದೆ. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಔಷಧವೊಂದುಂಟು. ಅದು ನೋವಿನ ಹೊಡೆತಗಳನ್ನು ಹೆಚ್ಚುಕಡಮೆ ಅರ್ಧಕ್ಕೆ ಇಳಿಸುವುದೆಂದು 1995ರಲ್ಲಿಯೇ ಸಿದ್ಧವಾಯಿತು. ಆಫ್ರಿಕದ ನಾಲ್ಕು ದೇಶಗಳ ಮಕ್ಕಳಿಗೆ ಕೊಟ್ಟು ನೋಡಿದಾಗ ನೋವಷ್ಟೇ ಅಲ್ಲ, ಸಾವುಗಳೂ ಕಡಿಮೆಯಾದುವೆಂದು 2019ರಲ್ಲಿ ವರದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಅದಿದೆ. ವೈದ್ಯರ ನಿಗಾ ಬೇಕು, ಆಗಾಗ ರಕ್ತಪರೀಕ್ಷೆ ಬೇಕು. ಆದರೆ ಕೋಟಿಗಳು ಬೇಡ. ರೋಗವಿರುವ ಶಿಶುಗಳಿಗೆ ದಿನವೂ ಪೆನ್ಸಿಲಿನ್ ಕೊಟ್ಟರೆ ಮಾರಕ ಸೋಂಕುಗಳು ಬಹುಮಟ್ಟಿಗೆ ತಪ್ಪುವುವೆಂದು 1986ರಲ್ಲಿಯೇ ತಿಳಿದಿದೆ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯೊಂದರಿಂದ ರೋಗ ಗೊತ್ತಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ನಮ್ಮ ಹುಡುಗನು ಪ್ರಸಾದನಿಲಯದಲ್ಲಿ ಚಳಿಗೆ ನಡುಗುತ್ತಿದ್ದಾಗಲೇ ಪುಸ್ತಕಗಳಲ್ಲಿ ಅಚ್ಚಾಗಿದ್ದ ಸಂಗತಿಗಳು! ಅವನನ್ನು ಉಳಿಸಲು ನೊಬೆಲ್ ಪಾರಿತೋಷಕದ ವಿದ್ಯೆ ಬೇಕಾಗಿರಲಿಲ್ಲ. ಬಿಸಿನೀರು, ಬೆಚ್ಚನೆಯ ಹೊದಿಕೆ, ಒಂದು ರಕ್ತಪರೀಕ್ಷೆ, ಒಂದಿಷ್ಟು ಮಾತ್ರೆ, ಅವನ ಮಾತನ್ನು ನಂಬುವ ಮನಸ್ಸು, ಇಷ್ಟಿದ್ದರೆ ಅವನು ಉಳಿಯುತ್ತಿದ್ದನೇನೋ.

ಕೇಂದ್ರ ಸರಕಾರವು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಈ ರೋಗದ ನಿರ್ಮೂಲನಕ್ಕೆಂದು ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. 40 ವಯಸ್ಸಿನ ಒಳಗಿನ 7 ಕೋಟಿ ಜನರ ಪರೀಕ್ಷೆ, 2047ರ ವೇಳೆಗೆ ನಿರ್ಮೂಲನ, ಇದು ಗುರಿ. ಕರ್ನಾಟಕವೂ ಅದರಲ್ಲಿ ಸೇರಿದೆ. ಇದನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ. ಆದರೆ ಪರೀಕ್ಷೆಯೇ ಚಿಕಿತ್ಸೆಯಲ್ಲ. ರೋಗವಿದೆಯೆಂದು ಚೀಟಿ ಕೊಟ್ಟು ಮಾತ್ರೆ ಕೊಡದಿದ್ದರೆ ಹಸಿದವನಿಗೆ ಊಟದ ಚೀಟಿ ಕೊಟ್ಟು ಅಡಿಗೆಮನೆಗೆ ಬೀಗ ಹಾಕಿದಂತೆ.

ಆ ಚೀಟಿಯ ಬಗೆಗೆ ಇನ್ನೊಂದು ಎಚ್ಚರಿಕೆಯೂ ಬೇಕು. ವಾಹಕರಿಬ್ಬರು ಮದುವೆಯಾಗುವ ಮುನ್ನ ಸಂಗತಿಯನ್ನು ತಿಳಿದುಕೊಂಡಿರಲೆಂಬುದು ಅದರ ಸದುದ್ದೇಶ. ನಮ್ಮ ಸಮಾಜದಲ್ಲಿ ಅದೇ ಚೀಟಿಯು ಹೆಣ್ಣುಮಕ್ಕಳ ಹಣೆಗೆ ಹಚ್ಚಿದ ಕಳಂಕವಾಗಲು ಎಷ್ಟು ದಿನ ಬೇಕು? ಜಾತಕದಲ್ಲಿ ದೋಷ ಹುಡುಕುತ್ತಿದ್ದವರು ಇನ್ನು ರಕ್ತದಲ್ಲಿ ದೋಷ ಹುಡುಕುತ್ತಾರೆ. ವಾಹಕಳಾದವಳು ರೋಗಿಯಲ್ಲ, ವಾಹಕನಲ್ಲದವನನ್ನು ಅವಳು ವರಿಸಿದರೆ ಮಕ್ಕಳಿಗೆ ಈ ರೋಗ ಬರುವುದಿಲ್ಲ. ಇದನ್ನು ಹಳ್ಳಿಹಳ್ಳಿಗೂ ಹೇಳಬೇಕು. ಇದೇ ಮನೋಭಾವದ ಇನ್ನೊಂದು ತುದಿಯೇ "ಉತ್ತಮ ಸಂತಾನ"ವನ್ನು ಪ್ರಯೋಗಶಾಲೆಯಲ್ಲಿ ಕೆತ್ತಿಸಿಕೊಳ್ಳುವ ಹಂಬಲ. 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕ್ವಿ, ಭ್ರೂಣಗಳಲ್ಲಿಯೇ ಕ್ರಿಸ್ಪರ್ ನಡೆಸಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರೆಂದು ಸಾರಿದನು. ಮರುವರ್ಷ ಅಲ್ಲಿನ ನ್ಯಾಯಾಲಯವೇ ಅವನಿಗೆ ಮೂರು ವರ್ಷ ಸೆರೆಮನೆ ವಿಧಿಸಿತು. ರೋಗಿಯ ಸ್ವಂತ ರಕ್ತಕಣವನ್ನು ಅವನ ಒಪ್ಪಿಗೆಯಿಂದ ತಿದ್ದುವುದು ಒಂದು. ಇನ್ನೂ ಹುಟ್ಟದವರ ಹಾಗೂ ಅವರ ಸಂತತಿಯ ಮೈಬರಹವನ್ನು ಯಾರನ್ನೂ ಕೇಳದೆ ತಿದ್ದುವುದು ಇನ್ನೊಂದು. ಮೊದಲನೆಯದು ಚಿಕಿತ್ಸೆ. ಎರಡನೆಯದಕ್ಕೆ ಮನುಷ್ಯನ ಬುದ್ಧಿಯೂ ಶೀಲವೂ ಇನ್ನೂ ಪಕ್ವವಾಗಿಲ್ಲ. ಈ ವ್ಯತ್ಯಾಸವನ್ನರಿಯದೆ ಎರಡನ್ನೂ ಹೊಗಳುವುದಾಗಲಿ ಎರಡನ್ನೂ ತೆಗಳುವುದಾಗಲಿ ವಿವೇಕವಲ್ಲ.

ಕೊನೆಯದಾಗಿ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಎರಡು ಮಾತು. ಮಠದ ಪ್ರಸಾದವನ್ನುಂಡು ಓದಿದ ನಿಮ್ಮಲ್ಲಿ ಎಷ್ಟೋ ಮಂದಿ ವೈದ್ಯರಾಗಿದ್ದೀರಿ, ಔಷಧ ಕಾರ್ಖಾನೆಗಳಲ್ಲಿ ಅಧಿಕಾರಿಗಳಾಗಿದ್ದೀರಿ, ಸರಕಾರದಲ್ಲಿ ದೊಡ್ಡ ಹುದ್ದೆಗಳಲ್ಲಿದ್ದೀರಿ, ಸಮುದ್ರದಾಚೆಯ ಪ್ರಯೋಗಶಾಲೆಗಳಲ್ಲಿಯೂ ಇದ್ದೀರಿ. ಜಾತ್ರೆಗೆ ಬಂದಾಗ ಮಹಾದ್ವಾರಕ್ಕೆ, ಬೆಳ್ಳಿಯ ಪಲ್ಲಕ್ಕಿಗೆ ಕಾಣಿಕೆ ಕೊಡುತ್ತೀರಿ. ಇನ್ನು ಮೇಲೆ ಅದನ್ನು ನಾವು ಬೇಡುವುದಿಲ್ಲ. ವೈದ್ಯರಾದವರು ವರ್ಷಕ್ಕೆ ಕೆಲವು ದಿನ ಹಾಡಿಗಳಿಗೆ ಬನ್ನಿರಿ. ಅಧಿಕಾರದಲ್ಲಿರುವವರು ತಾಲ್ಲೂಕು ಆಸ್ಪತ್ರೆಯಲ್ಲಿ ಹೈಡ್ರಾಕ್ಸಿಯೂರಿಯಾ ಮುಗಿಯದಂತೆ ನೋಡಿಕೊಳ್ಳಿರಿ. ಕಾರ್ಖಾನೆಗಳಲ್ಲಿರುವವರು ಬೆಲೆ ನಿಗದಿಯಾಗುವ ಸಭೆಯಲ್ಲಿ ಒಮ್ಮೆಯಾದರೂ ಬಾಯಿ ತೆರೆಯಿರಿ. ಕಲಿತ ವಿದ್ಯೆಯು ದಾಸೋಹವಾಗದಿದ್ದರೆ ಅದು ದಾಸ್ತಾನು ಮಾತ್ರ.

ನಮ್ಮ ಪ್ರಸಾದನಿಲಯದಲ್ಲಿ ಇನ್ನು ಮುಂದೆ ಸೇರುವ ಪ್ರತಿಯೊಬ್ಬ ವಿದ್ಯಾರ್ಥಿಗೂ, ತಂದೆತಾಯಿಗಳ ಒಪ್ಪಿಗೆ ಪಡೆದು, ಈ ರಕ್ತಪರೀಕ್ಷೆಯನ್ನು ಮಾಡಿಸಬೇಕೆಂದು ಗೊತ್ತುಪಡಿಸಿದ್ದೇವೆ. ಫಲಿತಾಂಶವು ವಿದ್ಯಾರ್ಥಿಗೂ ಅವನ ಮನೆಯವರಿಗೂ ವೈದ್ಯರಿಗೂ ಮಾತ್ರ ತಿಳಿದಿರತಕ್ಕದ್ದು. ಬೆಳಗಿನ ಸ್ನಾನಕ್ಕೆ ಬಿಸಿನೀರಿನ ಏರ್ಪಾಟಾಗಿದೆ. ನೋವೆಂದು ಹೇಳಿದ ಮಗುವನ್ನು ಗದರದೆ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕೆಂದು ಮೇಲ್ವಿಚಾರಕರಿಗೆ ತಿಳಿಸಿದ್ದೇವೆ. ಹಳೆಯ ಹಾಜರಿ ಪುಸ್ತಕವನ್ನು ತೆಗೆಸಿ, "ಓಡಿಹೋದನು" ಎಂದು ನಾವೇ ಬರೆದಿದ್ದ ಮಾತನ್ನು ಹೊಡೆದುಹಾಕಿದೆವು. ಅದರ ಮುಂದೆ "ನಾವು ನೋಡಿಕೊಳ್ಳಲಿಲ್ಲ" ಎಂದು ಬರೆದಿದ್ದೇವೆ.